ಕಬ್ಬಿಣದ ಕೈ ಕಾಯುವ ಟೇಪಕ್ಕ

ಟೇಪಕ್ಕನ ಕೊರಳಲ್ಲಿ ಯಾವಾಗಲೂ ಹಳದಿ ಬಣ್ಣದ ಅಳತೆ ಟೇಪೊಂದು ಜೋತಾಡುತ್ತಿರುತ್ತದೆ, ಡಾಕ್ಟರ ಕೊರಳಲ್ಲಿ ಸ್ಟೆತಸ್ಕೋಪು ಇರುವ ಹಾಗೆ. ಡಾಕ್ಟರಾದರೂ ಆಗೊಮ್ಮೆ ಈಗೊಮ್ಮೆ ಅದನ್ನು ಕಿವಿಗೆ ಹಾಕಿಕೊಳ್ಳುತ್ತಾರೆ. ಟೇಪಕ್ಕ ಮಾತ್ರ ಕೆಲಸದ ಹೊತ್ತಿನಲ್ಲಿ ತನ್ನ ಟೇಪನ್ನು ಹತ್ತು ವರ್ಷ ಕೊರಳಿಂದ ಇಳಿಸಿರಲಿಲ್ಲ. ಇಳಿಸುವ ಅಗತ್ಯವೇ ಬಿದ್ದಿರಲಿಲ್ಲ. ಅಳೆಯುವುದಕ್ಕೆ ಕೈ ಇತ್ತಲ್ಲ.

ಆ ಕೈ ಅವಳದಲ್ಲ, ಕಬ್ಬಿಣದ್ದು. ಊರಾಚೆ ದೊಡ್ಡದೊಂದು ಕೊಳವನ್ನು ಸುತ್ತುವರಿದು ಕಟ್ಟಿದ ಥೀಮ್ ಪಾರ್ಕಿನಲ್ಲಿ, ಎತ್ತರಕ್ಕೆ ಏರಿ, ಅಲ್ಲಿಂದ ಧುಮುಕಿ, ಸುತ್ತು ಹೊಡೆದು, ಹೊಟ್ಟೆಯಲ್ಲಿದ್ದದ್ದನ್ನು ಬಾಯಿಗೆ ತರುವ ಬಂಡಿಯ ಆಟವೊಂದಿದೆ. ಅದರ ಬಾಗಿಲಲ್ಲಿ ಒಂದು ಕಾಂಕ್ರೀಟ್ ಕಂಬ. ಕಂಬದಿಂದ ಅಡ್ಡಕ್ಕೆ ಚಾಚಿಕೊಂಡಿರುವ ಕಬ್ಬಿಣದ ಕೈ ನೆಲದಿಂದ ಸರಿಯಾಗಿ ನಾಲ್ಕು ಅಡಿ ಎತ್ತರದಲ್ಲಿದೆ. ಮಗು ಕಂಬಕ್ಕೆ ಬೆನ್ನು ಕೊಟ್ಟು ಕೈಯ ಕೆಳಗೆ ನಿಲ್ಲಬೇಕು. ತಲೆ ತಾಗಿದರೆ ಒಳಗೆ, ತಾಗದಿದ್ದರೆ ಹೊರಗೆ. ನಾಲ್ಕು ಅಡಿಗಿಂತ ಗಿಡ್ಡ ಮಕ್ಕಳನ್ನು ಸೀಟಿನ ಮೇಲೆ ಬಂದು ಕೂರುವ ಅಡ್ಡಪಟ್ಟಿ ಬಿಗಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಈ ಕಾನೂನು. ತೀರ್ಪು ಕೊಡುವುದು ಕೈ, ಅದನ್ನು ಓದಿ ಹೇಳುವುದು ಟೇಪಕ್ಕ. ಆದರೆ ಅವಳು ಸ್ಟೂಲಿನ ಮೇಲೆ ಕೂರುವ ಗತ್ತು ನೋಡಿದವರಿಗೆ, ಕೈ ಅವಳ ಗುಮಾಸ್ತನಿರಬೇಕು ಎನಿಸುತ್ತಿತ್ತು.

ಅವಳು ಮೂಲತಃ ದರ್ಜಿ. ಪಾರ್ಕು ಶುರುವಾಗುವ ಮೊದಲು ಮೂರು ತಿಂಗಳು ಅದರ ಹೊಲಿಗೆ ಕೋಣೆಯಲ್ಲಿ ಕೂತು ನಲವತ್ತು ಮೀನು, ಹನ್ನೆರಡು ಏಡಿ ಮತ್ತು ಒಂದು ತಿಮಿಂಗಿಲದ ವೇಷ ಹೊಲಿದವಳು. ತಿಮಿಂಗಿಲದೊಳಗೆ ಇಬ್ಬರು ಹೋಗಬೇಕಿತ್ತು. ಆ ಇಬ್ಬರಿಗೂ ಮಾತು ಬಿಟ್ಟುಹೋಗಿದ್ದರಿಂದ ತಿಮಿಂಗಿಲ ಒಂದು ದಿನವೂ ನೆಟ್ಟಗೆ ನಡೆಯಲಿಲ್ಲ ಎಂಬುದು ಬೇರೆ ಕಥೆ. ಪಾರ್ಕು ತೆರೆದ ದಿನ ಜನ ನುಗ್ಗಿದ ರಭಸ ನೋಡಿ, ಅಳತೆಗೆಂದು ನಿಲ್ಲಿಸಿದ್ದ ಮನುಷ್ಯ ಊಟಕ್ಕೆ ಹೋದವನು ಇವತ್ತಿಗೂ ವಾಪಸು ಬಂದಿಲ್ಲ. ಸೂಪರ್‌ವೈಸರ್ ಏದುಸಿರು ಬಿಡುತ್ತಾ ಓಡಿ ಬಂದ. "ಅಕ್ಕಾ, ನಿಮಗೆ ಅಳತೆ ಅಂದ್ರೆ ಗೊತ್ತಲ್ಲ, ಇವತ್ತೊಂದು ದಿನ ನಿಂತ್ಕೊಳ್ಳಿ."

ಆ ಒಂದು ದಿನ ಇನ್ನೂ ಮುಗಿದಿಲ್ಲ.

ಅವಳ ಹೆಸರು ಗಟ್ಟಿಯಾದದ್ದು ಮೊದಲ ವರ್ಷವೇ. ಆಗಿನ ಮ್ಯಾನೇಜರು ತಮ್ಮ ಅಕ್ಕನ ಮಗನನ್ನು ಕರೆದುಕೊಂಡು ಬಂದರು. ಹಿಂದೆ ಹತ್ತು ಜನ ಅಧಿಕಾರಿಗಳು. ಹುಡುಗ ಕೈಯ ಕೆಳಗೆ ನಿಂತ. ತಲೆಗೂ ಕೈಗೂ ನಡುವೆ ಒಂದು ಬೆರಳು ಗಾಳಿ ಆಡುತ್ತಿತ್ತು. ಮ್ಯಾನೇಜರು ನಕ್ಕು, "ಒಂದು ಬೆರಳು ತಾನೇ, ಟೇಪಕ್ಕ?" ಎಂದರು. "ಒಂದೇ ಬೆರಳು ಸಾರ್. ಬೆಳೆಸ್ಕೊಂಡು ಬನ್ನಿ. ಕೈ ಎಲ್ಲೂ ಹೋಗಲ್ಲ," ಎಂದಳು. ಮ್ಯಾನೇಜರ ಮುಖ ಕೆಂಪಾಯಿತು, ಆಮೇಲೆ ಬಿಳಿಯಾಯಿತು, ಕೊನೆಗೆ ಹಿಂದಿದ್ದ ಹತ್ತು ಜನರನ್ನು ನೋಡಿ ಚಪ್ಪಾಳೆ ತಟ್ಟುವುದೇ ಮರ್ಯಾದೆ ಎಂದು ತೀರ್ಮಾನಿಸಿದರು. ಈ ಪ್ರಸಂಗವನ್ನು ಟೇಪಕ್ಕ ಹತ್ತು ವರ್ಷದಿಂದ ಹೇಳುತ್ತಾ ಬಂದಿದ್ದಾಳೆ. ಪ್ರತಿ ಸಲ ಹೇಳಿದಾಗಲೂ ಆ ಹುಡುಗ ಅರ್ಧ ಇಂಚು ಕುಗ್ಗುತ್ತಾನೆ. ಈಗಿನ ಲೆಕ್ಕದಲ್ಲಿ ಅವನು ಸ್ಟೂಲಿನ ಕೆಳಗೆ ನುಸುಳಿ ಹೋಗಬಹುದು.

"ಕೈ ಎಲ್ಲೂ ಹೋಗಲ್ಲ" ಅನ್ನುವುದು ಅಲ್ಲಿಂದ ಮುಂದೆ ಅವಳ ಮಂತ್ರವಾಯಿತು. ಮಗುವಿನ ಎತ್ತರ ಹಿಗ್ಗಿಸಲು ಅಪ್ಪ ಅಮ್ಮಂದಿರು ಏನೆಲ್ಲ ಮಾಡುತ್ತಾರೆ ಎಂದು ಕೂತು ಬರೆದರೆ ಪಾರ್ಕಿನ ಚರಿತ್ರೆಯೇ ಆದೀತು. ಮೊದಮೊದಲು ಬರೀ ತುದಿಗಾಲು. ಆಮೇಲೆ ಕಾಲುಚೀಲದೊಳಗೆ ಮಡಿಸಿಟ್ಟ ಪೇಪರು. ಆಮೇಲೆ ನೆತ್ತಿಯ ಮೇಲೆ ಗೋಪುರದಂತೆ ಕಟ್ಟಿದ ಜುಟ್ಟು. ಟೇಪಕ್ಕ ಅದನ್ನು ಒಂದು ಬೆರಳಲ್ಲಿ ಒತ್ತಿದರೆ ಮಗು ಮೂರು ಇಂಚು ಇಳಿಯುತ್ತಿತ್ತು. ಪಾರ್ಕಿಗೆ ಹೋಟೆಲು ಬಂದ ಮೇಲೆ ಜನರ ರೀತಿಯೂ ಬದಲಾಯಿತು. ಮಗುವನ್ನು ಕೈಯ ಕೆಳಗೆ ನಿಲ್ಲಿಸುವ ಬದಲು ಟೇಪಕ್ಕನ ಮುಖಕ್ಕೆ ಫೋನು ಹಿಡಿಯುತ್ತಿದ್ದರು. "ಮೇಡಂ, ನಿನ್ನೆ ರಾತ್ರಿ ರೂಮಲ್ಲೇ ಅಳೆದಿದ್ದೀವಿ. ವೀಡಿಯೋ ಇದೆ, ನೋಡಿ."

"ಹಾಗಿದ್ರೆ ವೀಡಿಯೋನೇ ಹತ್ತಿಸಿ," ಎನ್ನುತ್ತಿದ್ದಳು.

ಮನೆಯಲ್ಲಿ ಗಂಡನಿಗೆ ಇದನ್ನೆಲ್ಲ ಹೇಳಿದರೆ ಅವನು ಬಿದ್ದು ಬಿದ್ದು ನಗುತ್ತಿದ್ದ. ಅವನು ರಿಟೈರಾದ ಬಸ್ ಕಂಡಕ್ಟರು. "ನನ್ನ ಬಸ್ಸಲ್ಲಿ ಅರ್ಧ ಟಿಕೆಟ್ಟಿಗೆ ಮೊಣಕಾಲು ಬಗ್ಗಿಸಿ ನಿಂತ್ಕೊಳ್ತಿದ್ದ ಮಕ್ಕಳೇ ಕಣೇ, ಇಳಿದು ಬಂದು ನಿನ್ನ ಗೇಟಲ್ಲಿ ತುದಿಗಾಲಲ್ಲಿ ನಿಲ್ಲೋದು. ಒಂದೇ ದಿನದಲ್ಲಿ ಒಂದು ಮಗು ಎಷ್ಟು ಬೆಳೀಬಹುದು ಅಂತ ನಾವಿಬ್ಬರು ಸೇರಿ ಒಂದು ಪುಸ್ತಕ ಬರೀಬೇಕು."

ಪಾರ್ಕಿನ ಹತ್ತು ವರ್ಷಗಳನ್ನು ಅಲ್ಲಿನ ಕೆಲಸದವರು ಮೂರು ಸಾಹೇಬರಾಗಿ ಭಾಗ ಮಾಡಿದ್ದರು. ಮೊದಲನೆಯವರು, ಅಕ್ಕನ ಮಗನನ್ನು ಕರೆತಂದ ಆ ಮ್ಯಾನೇಜರು, ಸಮುದ್ರ ಸಾಹೇಬರು. ಅವರ ಕಾಲದಲ್ಲಿ ಎಲ್ಲವೂ ನೀಲಿ: ನೀಲಿ ಬೆಂಚು, ನೀಲಿ ಕಸದ ಡಬ್ಬಿ, ನೀಲಿ ಟೈಲ್ಸಿನ ನೆಲ. ಆ ಬಂಡಿ ಆಟಕ್ಕೆ 'ದೈತ್ಯ ಅಲೆ' ಎಂದು ಹೆಸರು. ಕಬ್ಬಿಣದ ಕೈ ಆಗ ನಾವಿಕನೊಬ್ಬನ ಕೈ. ಕಂಬದ ಮೇಲೆ ಟೋಪಿಯಿಂದ ಹಿಡಿದು ಕರಿ ಬೂಟಿನ ತನಕ ನಾವಿಕನ ಚಿತ್ರ ಬರೆಸಿದ್ದರು. ನಾಲ್ಕನೆಯ ವರ್ಷ ಅವರು ಹೋಗಿ ಕಾಡು ಸಾಹೇಬರು ಬಂದರು. ಬಂದವರೇ ನೀಲಿಯನ್ನು ಕಂಡು ಮೂಗು ಮುರಿದು, ಇಪ್ಪತ್ತು ದಿನ ಪಾರ್ಕಿಗೆ ಬೀಗ ಹಾಕಿಸಿ, ಎಲ್ಲವನ್ನೂ ಕಾಡು ಮಾಡಿದರು. ಮೀನುಗಳ ಬದಲು ಅಂಗಡಿಯಿಂದ ರೆಡಿಮೇಡ್ ಕರಡಿಗಳು ಬಂದು, ಹೊಲಿಗೆ ಕೋಣೆ ಗೋದಾಮಾಯಿತು. ನೆಲಕ್ಕೆ ಹಸಿರು ಕಲ್ಲಿನ ಚಪ್ಪಡಿ. ಆಟದ ಹೆಸರು 'ಹುಲಿ ನೆಗೆತ'. ನಾವಿಕ ಕೋತಿಯಾದ. ಏಳನೆಯ ವರ್ಷ ಆಕಾಶ ಸಾಹೇಬರು ಬಂದರು. ಮತ್ತೆ ಇಪ್ಪತ್ತು ದಿನ ಬೀಗ. ಕೆಲಸದವರ ಸೈಕಲ್ ಶೆಡ್ಡಿದ್ದ ಜಾಗದಲ್ಲಿ ಇನ್ನೂರು ಕೋಣೆಗಳ ಹೋಟೆಲು ಎದ್ದಿತು, ಹರಿಯುವ ಟಿಕೆಟ್ಟು ಹೋಗಿ ಮಣಿಕಟ್ಟಿನ ಪಟ್ಟಿ ಬಂತು, ನೆಲಕ್ಕೆ ಮಿಂಚುಮಿಂಚಾದ ಬೂದು ಟೈಲ್ಸ್ ಬಿತ್ತು. ಕೋತಿ ಗಗನಯಾತ್ರಿಯಾಯಿತು. ಆಟದ ಹೆಸರು 'ಉಲ್ಕೆ'. ಹೋದ ವರ್ಷ ಅದೇ ಸಾಹೇಬರು, ಬಿದ್ದ ಮಕ್ಕಳ ಮಂಡಿಗೆ ಪೆಟ್ಟಾಗಬಾರದೆಂದು ಆ ಟೈಲ್ಸಿನ ಮೇಲೆ ಮೆತ್ತನೆಯ ರಬ್ಬರು ಹಾಸಿಸಿದರು.

ಮೂರು ಸಲವೂ ಉದ್ಘಾಟನೆಯಲ್ಲಿ "ಹಿಂದೆಂದೂ ಕಾಣದ ಹೊಸ ಆಟ" ಎಂದು ಭಾಷಣವಾಯಿತು. ಹಳಿ ಅದೇ, ಬಂಡಿ ಅದೇ, ಮೂರನೆಯ ತಿರುವಿನಲ್ಲಿ ಬರುವ ಕಿರ್ರೆನ್ನುವ ಸದ್ದೂ ಅದೇ. ಕೆಲಸದವರು ಮೂರೂ ಹೆಸರಿಗೆ ಸೊಪ್ಪು ಹಾಕದೆ ಅದನ್ನು ಮೊದಲಿನಿಂದಲೂ 'ಗಡಗಡೆ' ಎಂದೇ ಕರೆಯುತ್ತಿದ್ದರು.

ಈ ಬದಲಾವಣೆಗಳಲ್ಲಿ ನಿಜವಾಗಿ ಬೇಸತ್ತವನು ಬಡಗಿ. ಗಡಗಡೆಯ ಬಾಗಿಲಿಗೆ ಕಂಬದ ಪಕ್ಕ ಒಂದು ಸಣ್ಣ ಮರದ ಗೇಟಿದೆ. ಪ್ರತಿ ಸಲ ಪಾರ್ಕು ಹೊಸದಾದಾಗಲೂ ಆ ಗೇಟು ನೆಲಕ್ಕೆ ಉಜ್ಜಿಕೊಂಡು ತೆರೆಯುತ್ತಲೇ ಇರಲಿಲ್ಲ. ಬಡಗಿ ಅದನ್ನು ಕಳಚಿ, ತಳ ಕೊಯ್ದು, ಮತ್ತೆ ಕೂರಿಸಬೇಕು. "ಈ ಗೇಟಿಗೆ ಅದೇನು ರೋಗವೋ ಅಕ್ಕಾ, ಮೂರು ವರ್ಷಕ್ಕೊಂದು ಸಲ ಕಾಲು ಉದ್ದ ಬಿಡುತ್ತೆ," ಎಂದು ಗೊಣಗುತ್ತಿದ್ದ. ಮಳೆಗೆ ಮರ ಊದಿಕೊಳ್ಳುತ್ತದೆ ಎಂದು ಟೇಪಕ್ಕ ಸಮಾಧಾನ ಹೇಳುತ್ತಿದ್ದಳು. ಪೇಂಟರನದು ಇನ್ನೊಂದು ಗೋಳು. ಗಗನಯಾತ್ರಿಗೆ ಎಷ್ಟು ಸಲ ಅಳಿಸಿ ಬರೆದರೂ ಕಾಲು ಮೋಟಾಗುತ್ತದೆ, ನಾವಿಕನಿಗೆ ಎಷ್ಟು ಚೆಂದ ಕೂತಿತ್ತು ಎಂದು ಅವನು ತನ್ನ ಕೈಗುಣವನ್ನೇ ಶಂಕಿಸುತ್ತಿದ್ದ.

ಹೀಗಿರುವಾಗ ಟೇಪಕ್ಕನಿಗೆ ಒಂದು ವಿಚಿತ್ರ ಹೊಳೆಯಿತು. ಮೊದಲ ವರ್ಷಗಳಲ್ಲಿ ಹತ್ತು ಚಿಕ್ಕ ಮಕ್ಕಳು ಬಂದರೆ ನಾಲ್ಕು ಅಳುತ್ತಾ ಹಿಂದಿರುಗುತ್ತಿದ್ದವು. ಆಮೇಲೆ ಮೂರು. ಈಗ ಒಂದು ಸಿಕ್ಕರೆ ಹೆಚ್ಚು. ಮಕ್ಕಳೇನು ಇದ್ದಕ್ಕಿದ್ದಂತೆ ಉದ್ದವಾಗುತ್ತಿದ್ದಾರೆಯೇ?

ಪಾರ್ಕಿನಲ್ಲಿ ಇದಕ್ಕೆ ವಿವರಣೆಗಳಿಗೇನೂ ಬರವಿರಲಿಲ್ಲ. ಪಾರ್ಕಿನ ಡಾಕ್ಟರು ಪೌಷ್ಟಿಕ ಆಹಾರ ಎಂದರು. ಗಂಡ ದಪ್ಪ ಅಟ್ಟೆಯ ಬೂಟು ಎಂದ. ಗಡಗಡೆ ಓಡಿಸುವವನನ್ನು ಎಲ್ಲರೂ ಲಿವರಣ್ಣ ಅನ್ನುತ್ತಿದ್ದರು, ಈಗ ಲಿವರು ಹೋಗಿ ಗುಂಡಿ ಬಂದಿದ್ದರೂ ಹೆಸರು ಹೋಗಿರಲಿಲ್ಲ. ಅವನ ಪ್ರಕಾರ ಈಗಿನ ಮಕ್ಕಳು ಬೆಳೆಯುವ ರೀತಿಯೇ ಸರಿಯಿಲ್ಲ. "ಬರೀ ಉದ್ದ ಅಕ್ಕಾ, ಮೈಯಲ್ಲಿ ಏನೂ ಇಲ್ಲ. ಅಡ್ಡಪಟ್ಟಿ ಇಳಿಸಿದ್ರೆ ತೊಡೆ ಮೇಲೆ ಇನ್ನೂ ಒಂದು ಕೈ ಜಾಗ ಉಳಿಯುತ್ತೆ. ನಮ್ಮ ಕಾಲದ ಮಕ್ಕಳು ಹೀಗಿದ್ರಾ?" ಆಕಾಶ ಸಾಹೇಬರಂತೂ ಒಂದು ಗ್ರಾಫನ್ನೇ ಬರೆಸಿ ಹೋಟೆಲಿನ ಹಜಾರದಲ್ಲಿ ತೂಗುಹಾಕಿದ್ದರು. 'ಬಾಡಿದ ಮುಖಗಳ ಪ್ರಮಾಣ' ಎಂದು ಅದರ ಹೆಸರು. ಗೆರೆ ಎಡದಿಂದ ಬಲಕ್ಕೆ ಮೆಟ್ಟಿಲಿಳಿದಂತೆ ಇಳಿದಿತ್ತು. ತಮ್ಮ ಆಡಳಿತದಲ್ಲಿ ಮಕ್ಕಳು ಅಳುವುದನ್ನೇ ಬಿಟ್ಟಿದ್ದಾರೆ ಎಂದು ಅವರು ಬಂದವರಿಗೆಲ್ಲ ತೋರಿಸುತ್ತಿದ್ದರು.

ಟೇಪಕ್ಕನಿಗೆ ಯಾವ ವಿವರಣೆಯೂ ಗಂಟಲಲ್ಲಿ ಇಳಿಯಲಿಲ್ಲ. ಏಕೆಂದರೆ ಅವಳ ಮನೆಯಲ್ಲೇ ಬೆಳೆಯದ ಮಗು ಒಂದಿತ್ತು.

ಮಗಳ ಮಗಳು. ಏಳು ವರ್ಷ. ಚೋಟುದ್ದ ಇದ್ದದ್ದರಿಂದ ಮನೆಯವರೆಲ್ಲ ಚೋಟಿ ಅನ್ನುತ್ತಿದ್ದರು. ಮಗಳು ಮತ್ತು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಚೋಟಿ ಬೆಳೆದದ್ದೆಲ್ಲ ಅಜ್ಜಿಯ ಮನೆಯಲ್ಲೇ, ಬೆಳೆದಷ್ಟು. ನಾಲ್ಕನೆಯ ವಯಸ್ಸಿನಲ್ಲಿ ಗಡಗಡೆಯನ್ನು ದೂರದಿಂದ ನೋಡಿದ್ದೇ, ಹತ್ತಬೇಕು ಎಂದು ಹಟ ಹಿಡಿದಳು. ಆಗ ಅಜ್ಜಿ ಮೊಮ್ಮಗಳ ನಡುವೆ ಒಪ್ಪಂದವಾಯಿತು: ನಾಲ್ಕು ಅಡಿ ಆದ ದಿನ ಇಬ್ಬರೂ ಒಟ್ಟಿಗೆ ಹತ್ತುವುದು. ಹತ್ತು ವರ್ಷ ಗಡಗಡೆಯ ಬಾಗಿಲು ಕಾದ ಟೇಪಕ್ಕ ಒಂದು ಸಲವೂ ಅದನ್ನು ಹತ್ತಿರಲಿಲ್ಲ; ನೋಡಿದರೇ ಅವಳ ಹೊಟ್ಟೆ ತೊಳೆಸುತ್ತಿತ್ತು. ಹಾಗಾಗಿ ಚೋಟಿ ನಿಧಾನವಾಗಿ ಬೆಳೆಯುವ ಬಗ್ಗೆ ಅವಳಿಗೆ ಅಂಥಾ ದೂರೇನೂ ಇರಲಿಲ್ಲ. ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ತಿಂಗಳು ಪೆನ್ಸಿಲಿನ ಗೆರೆ ಬೀಳುತ್ತಿತ್ತು. ಕೊರಳ ಟೇಪು ನಿಜವಾಗಿ ದುಡಿಯುತ್ತಿದ್ದದ್ದು ಅಲ್ಲಿ ಮಾತ್ರ.

ಶಾಲೆಗೆ ರಜೆ ಬಿದ್ದ ಮೊದಲ ದಿನ, ಮನೆಯಲ್ಲಿ ಅಜ್ಜನ ಜೊತೆ ಕೂತಿರಲಾರೆ ಎಂದು ಚೋಟಿ ಅಜ್ಜಿಯ ಜೊತೆ ಪಾರ್ಕಿಗೆ ಹೊರಟಳು. ಹಿಂದಿನ ಸಂಜೆಯಷ್ಟೇ ಚೌಕಟ್ಟಿನ ಮೇಲೆ ಗೆರೆ ಎಳೆದಾಗಿತ್ತು: ನಲವತ್ತಾರು ಇಂಚು. ನಾಲ್ಕು ಅಡಿಗೆ ಇನ್ನೂ ಎರಡು ಇಂಚು ಬಾಕಿ. "ಮುಂದಿನ ವರ್ಷ," ಎಂದಿದ್ದಳು ಅಜ್ಜಿ, ಒಳಗೊಳಗೇ ಉಸಿರು ಬಿಟ್ಟು.

ಪಾರ್ಕು ಇನ್ನೂ ತೆರೆದಿರಲಿಲ್ಲ. ಟೇಪಕ್ಕ ಸರಪಳಿ ಬಿಚ್ಚುತ್ತಿರುವಾಗ ಚೋಟಿ ಆಟಕ್ಕೆಂದು ಓಡಿಹೋಗಿ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು.

"ಅಜ್ಜೀ! ತಾಗ್ತು!"

"ಇಳಿಸು ಹಿಮ್ಮಡಿ."

"ಇಳಿಸೇ ಇದೆ, ನೋಡು! ಅಣ್ಣಾ, ನೀವು ನೋಡಿ!"

ಲಿವರಣ್ಣ ಬಗ್ಗಿ ನೋಡಿದ. ಚೋಟಿ ಬರಿಗಾಲಲ್ಲಿದ್ದಳು, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ಶಿಸ್ತಾಗಿ ನಿಂತಿದ್ದಳು. ಅಜ್ಜಿಯ ಕಾಯಿದೆ ಅವಳಿಗೆ ಬಾಯಿಪಾಠ. ನೆತ್ತಿ ಕೈಗೆ ತಾಗುವುದೇನು, ಕೈಯ ಕೆಳಗೆ ಸೇರಲು ಅವಳು ಕುತ್ತಿಗೆ ಒಂದಿಷ್ಟು ವಾಲಿಸಬೇಕಾಗಿತ್ತು.

"ಪಾಸ್!" ಎಂದ ಲಿವರಣ್ಣ. "ಮೊದಲನೇ ಬಂಡಿ, ಮೊದಲನೇ ಸೀಟು. ಅಕ್ಕಾ, ನಿಮ್ಮದೂ ಬಂತು ಗಳಿಗೆ. ಬೆಳಿಗ್ಗೆ ಏನೂ ತಿಂದಿಲ್ಲ ತಾನೇ?"

ಟೇಪಕ್ಕನ ಎದೆ ಧಸಕ್ಕೆಂದಿತು, ಆದರೆ ಬಂಡಿಯ ಭಯಕ್ಕಲ್ಲ. ನಿನ್ನೆ ಸಂಜೆ ನಲವತ್ತಾರು. ಇವತ್ತು ಬೆಳಿಗ್ಗೆ ನಲವತ್ತೆಂಟರ ಮೇಲೆ. ಗಂಡ ಹೇಳುವ ಹಾಗೆ ಒಂದೇ ದಿನದಲ್ಲಿ ಬೆಳೆಯುವ ಮಕ್ಕಳು ಸುಳ್ಳು ಮಕ್ಕಳು. ಚೋಟಿ ಸುಳ್ಳಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ಒಂದೋ ಟೇಪು, ಇಲ್ಲವೋ ಕೈ.

ಮೊದಲು ಅವಳು ಟೇಪನ್ನೇ ಅನುಮಾನಿಸಿದಳು. ಕೈಯನ್ನು ಅನುಮಾನಿಸುವುದು ತನ್ನನ್ನೇ ಅನುಮಾನಿಸಿದ ಹಾಗೆ. ಬಟ್ಟೆಯ ಟೇಪು ಹಳತಾದರೆ ಎಳೆದೆಳೆದು ಉದ್ದವಾಗುತ್ತದೆ, ಅಳೆದದ್ದನ್ನು ಕಡಿಮೆ ತೋರಿಸುತ್ತದೆ. ಯಾವ ದರ್ಜಿಗೂ ಇದು ಗೊತ್ತು. "ಒಂದು ನಿಮಿಷ ಇರು ಪುಟ್ಟಾ," ಎಂದು ಚೋಟಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಹಿಂದಿನ ಶೆಡ್ಡಿಗೆ ಹೋಗಿ ಬಡಗಿಯ ಉಕ್ಕಿನ ಅಳತೆಪಟ್ಟಿಯ ಪಕ್ಕ ತನ್ನ ಟೇಪನ್ನು ಹಾಸಿದಳು. ಇಂಚಿಗೆ ಇಂಚು, ಗೆರೆಗೆ ಗೆರೆ ಕೂತಿತು. ಟೇಪು ಸತ್ಯವಂತ.

"ಏನಕ್ಕಾ, ಬೆಳಿಗ್ಗೆ ಬೆಳಿಗ್ಗೆ ಟೇಪಿಗೇ ಪರೀಕ್ಷೆ?" ಎಂದ ಬಡಗಿ.

"ಸ್ವಲ್ಪ ಬಾ ನನ್ನ ಜೊತೆ."

ಹತ್ತು ವರ್ಷದಲ್ಲಿ ಮೊದಲ ಸಲ ಅವಳು ಕಂಬದ ಬುಡದಲ್ಲಿ ಮಂಡಿಯೂರಿದಳು. ಟೇಪಿನ ತುದಿಯನ್ನು ರಬ್ಬರಿನ ಮೇಲೆ ಹೆಬ್ಬೆರಳಿಂದ ಒತ್ತಿದಳು; ಇನ್ನೊಂದು ತುದಿಯನ್ನು ಬಡಗಿ ಕಬ್ಬಿಣದ ಕೈಗೆ ಹಿಡಿದ. ನಲವತ್ತೈದೂಕಾಲು. ಮತ್ತೆ ಹಿಡಿದರು. ನಲವತ್ತೈದೂಕಾಲು.

"ಕೈ ಇಳಿದುಬಿಟ್ಟಿದೆಯಾ?" ಎಂದಳು.

ಬಡಗಿ ಕೈಗೆ ಜೋತುಬಿದ್ದು ನೋಡಿದ. "ಇದು ಕಂಬದೊಳಗಿನ ಸರಳಿಗೇ ಬೆಸುಗೆ ಹಾಕಿದ್ದು ಅಕ್ಕಾ. ಕಂಬ ಮುರಿದರೂ ಇದು ಅಲ್ಲಾಡಲ್ಲ." ಹಾಗೆನ್ನುತ್ತಲೇ ಅವನ ಕಣ್ಣು ಪಕ್ಕದ ಸಣ್ಣ ಗೇಟಿನ ಮೇಲೆ ಬಿತ್ತು. ಬಗ್ಗಿ ಅದರ ತಳವನ್ನು ಬೆರಳಿಂದ ಸವರಿದ. "ಅಕ್ಕಾ... ಈ ಗೇಟಿನ ಕಾಲು ಉದ್ದ ಬಿಟ್ಟಿದ್ದಲ್ಲ."

ಓಡಿಹೋಗಿ ಶೆಡ್ಡಿನೊಳಗಿಂದ ಮೂರು ಮರದ ಪಟ್ಟಿಗಳನ್ನು ತಂದ. ಕೊಯ್ದ ಒಂದು ಚೂರನ್ನೂ ಬಿಸಾಡದ ಜಾತಿ ಅವನದು. ಒಂದನ್ನು ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಿದ್ದ, ಇನ್ನೊಂದರ ಮೇಲೆ ಅವನ ಚಹಾ ಲೋಟ ಕೂರುತ್ತಿತ್ತು. ಒಂದು ನೀಲಿ, ಒಂದು ಹಸಿರು, ಒಂದು ಬೆಳ್ಳಿ ಬಣ್ಣ. ಮೂರು ಸಲ ಗೇಟಿನ ತಳದಿಂದ ಕೊಯ್ದವು. ಟೇಪಕ್ಕ ಮೂರನ್ನೂ ಒಂದರ ಮೇಲೊಂದು ಇಟ್ಟು ಅಳೆದಳು. ಎರಡೂಮುಕ್ಕಾಲು ಇಂಚು. ನಲವತ್ತೈದೂಕಾಲಿಗೆ ಎರಡೂಮುಕ್ಕಾಲು ಸೇರಿಸಿದರೆ ನಲವತ್ತೆಂಟು.

ಕೈ ಎಲ್ಲೂ ಹೋಗಿರಲಿಲ್ಲ. ನೆಲ ಮೇಲೆ ಬಂದಿತ್ತು.

ಇಪ್ಪತ್ತು ದಿನದಲ್ಲಿ ಪಾರ್ಕು ಹೊಸದಾಗಬೇಕೆಂದರೆ ಹಳೆಯ ನೆಲ ಅಗೆಯುವಷ್ಟು ಪುರುಸೊತ್ತು ಯಾರಿಗಿದೆ? ನೀಲಿಯ ಮೇಲೆ ಹಸಿರು, ಹಸಿರಿನ ಮೇಲೆ ಬೂದು, ಬೂದಿನ ಮೇಲೆ ರಬ್ಬರು. ಪ್ರತಿ ಸಾಹೇಬರೂ ಹಿಂದಿನವರನ್ನು ಅಗೆದು ತೆಗೆಯದೆ ಮುಚ್ಚಿಟ್ಟಿದ್ದರು. ವರ್ಷಕ್ಕೊಮ್ಮೆ ಬರುವ ತಪಾಸಣೆಯವರು ಹಳಿ ನೋಡುತ್ತಿದ್ದರು, ಬ್ರೇಕು ನೋಡುತ್ತಿದ್ದರು. ಇವಳ ಬಳಿ ಬಂದಾಗ ಅವರ ಫಾರಮ್ಮಿನಲ್ಲಿ ಇದ್ದದ್ದು 'ಅಳತೆಯ ಕೈ ಇದೆಯೇ?' ಎಂಬ ಒಂದೇ ಪ್ರಶ್ನೆ. 'ಇದೆ' ಎಂದು ಬರೆದು ಹೋಗುತ್ತಿದ್ದರು. ದಿನಕ್ಕೆ ಇನ್ನೂರು ಮಕ್ಕಳನ್ನು ಅಳೆಯುವವಳು, ಕೊರಳಲ್ಲಿ ಟೇಪು ಹಾಕಿಕೊಂಡೇ ಕೂತವಳು, ಅಳೆಯುವ ಕೈಯನ್ನೇ ಒಂದು ಸಲ ಅಳೆದಿರಲಿಲ್ಲ.

ಲಿವರಣ್ಣನ ಮುಖ ಕಳೆಗುಂದಿತ್ತು. ಅಡ್ಡಪಟ್ಟಿಯ ಕೆಳಗೆ ಉಳಿಯುತ್ತಿದ್ದ ಒಂದು ಕೈ ಜಾಗ ಅವನಿಗೂ ನೆನಪಾಗಿರಬೇಕು. ಆದರೂ ದನಿ ತಗ್ಗಿಸಿ ಹೇಳಿದ. "ಅಕ್ಕಾ, ಇಷ್ಟು ದಿನ ಏನೂ ಆಗಿಲ್ಲ. ಈಗ ನೀವೇ ಹೋಗಿ ಹೇಳಿದ್ರೆ ಮೊದಲು ತಲೆ ಹೋಗೋದು ನಿಮ್ಮದೇ. ಹತ್ತು ವರ್ಷದ ಹೆಸರು. ಬಡಗಿ ಹತ್ರ ಹೇಳಿ ಕೈಯನ್ನ ಮೆಲ್ಲಗೆ ಮೇಲೆ ಹಾಕ್ಸೋಣ. ಇವತ್ತು ಮಗುನ ಹತ್ತಿಸ್ಬಿಡಿ, ಪಾಪ, ಮೂರು ವರ್ಷದಿಂದ ಕಾಯ್ತಿದೆ. ನಾನೇ ಹಿಡ್ಕೊಂಡು ಕೂತ್ಕೊಳ್ತೀನಿ."

ಟೇಪಕ್ಕ ಸ್ಟೂಲಿನ ಕಡೆ ನೋಡಿದಳು. ಚೋಟಿ ಎರಡೂ ಕೈಗಳಿಂದ ಸ್ಟೂಲು ಹಿಡಿದು, ಕಾಲು ಆಡಿಸುತ್ತಾ, ಇವಳ ಮುಖವನ್ನೇ ನೋಡುತ್ತಿದ್ದಳು. ಆ ಸ್ಟೂಲಿನ ಮುಂದೆ ಹೀಗೆಯೇ ಇವಳ ಮುಖ ನೋಡುತ್ತಾ ನಿಂತ ಮಕ್ಕಳೆಷ್ಟು! ಅವರಲ್ಲಿ ಎಷ್ಟು ಮಂದಿ ಆ ಒಂದು ಕೈ ಜಾಗದಲ್ಲಿ ಜಾರಾಡುತ್ತಾ ಮೂರನೆಯ ತಿರುವು ದಾಟಿದ್ದರು?

ಅವಳು ಬಿಚ್ಚಿದ್ದ ಸರಪಳಿಯನ್ನು ಮತ್ತೆ ಹಾಕಿ ಬೀಗ ಒತ್ತಿದಳು. ಬೀಗದ ಕೈ ಜೇಬಿಗೆ ಸೇರಿತು. ಮೂರು ಪಟ್ಟಿಗಳನ್ನು ಕಂಕುಳಲ್ಲಿಟ್ಟುಕೊಂಡು, ಚೋಟಿಯ ಕೈ ಹಿಡಿದು ಹೋಟೆಲಿನ ಕಡೆ ಹೊರಟಳು.

ಆಕಾಶ ಸಾಹೇಬರ ಕೋಣೆ ಹೋಟೆಲಿನ ತುತ್ತತುದಿಯಲ್ಲಿ. ಅಲ್ಲಿಂದ ನೋಡಿದರೆ ಇಡೀ ಪಾರ್ಕು ಅವರ ಗಾಜಿನ ಮೇಜಿನ ಮೇಲಿಟ್ಟ ಆಟಿಕೆಯಂತೆ ಕಾಣುತ್ತದೆ. ಟೇಪಕ್ಕ ಆ ಮೇಜಿನ ಮೇಲೆ ಮೂರು ಮರದ ತುಂಡುಗಳನ್ನು ಪೇರಿಸಿ, ಹೇಳಬೇಕಾದ್ದನ್ನೆಲ್ಲ ಹೇಳಿದಳು. ಸಾಹೇಬರು ಗಂಭೀರವಾಗಿ ತಲೆದೂಗುತ್ತಾ ಕೇಳಿದರು. ಅರ್ಥವಾಗದ್ದನ್ನು ಅವರು ಯಾವಾಗಲೂ ಹಾಗೇ ಕೇಳುತ್ತಾರೆ.

"ಒಳ್ಳೆಯ ಗಮನಿಕೆ. ಮುಂದಿನ ನವೀಕರಣದಲ್ಲಿ ಖಂಡಿತ ಸೇರಿಸೋಣ," ಎಂದರು.

"ಮುಂದಿನ ನವೀಕರಣ ಯಾವಾಗ ಸಾರ್?"

"ಎರಡು ವರ್ಷ. ನೀರೊಳಗಿನ ಲೋಕ ಅಂತ ಯೋಚನೆ ಇದೆ. ಎಲ್ಲಾ ನೀಲಿ. ಹಿಂದೆಂದೂ ಯಾರೂ ಮಾಡಿಲ್ಲ."

"ಅಲ್ಲೀವರೆಗೆ ಸರಪಳಿ ಹಾಕಿರ್ತೀನಿ ಸಾರ್. ಕಾಯೋದು ನನಗೆ ಅಭ್ಯಾಸ ಇದೆ."

ಸಾಹೇಬರು ಕಿಟಕಿಯಿಂದ ಕೆಳಗೆ ನೋಡಿದರು. ಗಡಗಡೆಯ ಮುಂದೆ ಸಾಲು ಆಗಲೇ ಹಾವಿನಂತೆ ಸುತ್ತಿಕೊಂಡಿತ್ತು. ಅವರ ಹುಬ್ಬು ಏರಿತು. ಹಜಾರದ ಗ್ರಾಫು ನೆನಪಿಗೆ ಬಂದಿರಬೇಕು. ಮೆಟ್ಟಿಲಿಳಿದಂತೆ ಇಳಿದಿದ್ದ ಆ ಗೆರೆ, ಮೇಜಿನ ಮೇಲೆ ಮೆಟ್ಟಿಲಿನಂತೆ ಕೂತ ಮೂರು ತುಂಡುಗಳು. ಅವರು ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಕಿವಿ ಕೆಂಪಾಯಿತು. ಆಮೇಲೆ ಕೇಳಿದಾಗ ಅವರ ದನಿಯಲ್ಲಿ ಭಾಷಣ ಇರಲಿಲ್ಲ.

"ಎಷ್ಟು ಮಕ್ಕಳು?"

"ಗೊತ್ತಿಲ್ಲ ಸಾರ್. ಹತ್ತಿದವರೆಲ್ಲ ನಗ್ತಾ ಇಳಿದು ಹೋಗಿದ್ದಾರೆ, ಅಷ್ಟು ಗೊತ್ತು. ಇನ್ನು ಮುಂದಿನದ್ದು ಗೊತ್ತಿಲ್ಲ." ಬೀಗದ ಕೈ ತೆಗೆದು ತುಂಡುಗಳ ಪಕ್ಕ ಇಟ್ಟಳು. "ಅಳೆಯದೇನೇ ಹತ್ತು ವರ್ಷ ಅಳತೆ ಹೇಳಿದವಳು ನಾನು. ಬೇಕಾದ್ರೆ ಬೇರೆಯವರನ್ನ ನಿಲ್ಲಿಸಿ. ಆದರೆ ಕೈ ಮೇಲೆ ಹೋಗದೆ ಬೀಗ ತೆಗೀಬೇಡಿ."

ಸಾಹೇಬರು ಬೀಗದ ಕೈಯ ಮೇಲೆ ಬೆರಳಿಟ್ಟರು. "ಬೇರೆಯವರಾಗಿದ್ರೆ ಅಳೀತಿದ್ರಾ?" ಎಂದು ಅದನ್ನು ಅವಳ ಕಡೆಗೇ ತಳ್ಳಿದರು. ಆ ಕ್ಷಣ ಅವರು ಬಹಳ ಒಳ್ಳೆಯ ಮನುಷ್ಯರಂತೆ ಕಂಡರು. ಮರುಕ್ಷಣವೇ ಫೋನೆತ್ತಿ, "ಒಂದು ಹೊಸ ಸುರಕ್ಷತಾ ಅಭಿಯಾನ ಶುರು ಮಾಡಿದ್ದೀನಿ, ನನ್ನದೇ ಯೋಚನೆ," ಎನ್ನತೊಡಗಿದ್ದರಿಂದ ಟೇಪಕ್ಕನಿಗೆ ಸಮಾಧಾನವಾಯಿತು. ಲೋಕ ಇನ್ನೂ ತನ್ನ ಜಾಗದಲ್ಲೇ ಇತ್ತು.

ಲೆಕ್ಕ ನಿಜವೋ ಅಲ್ಲವೋ ಕಣ್ಣಾರೆ ನೋಡಬೇಕೆಂದು ಸಾಹೇಬರು ಕರೆಸಿದ ಎಂಜಿನಿಯರು ಹಟ ಹಿಡಿದರು. ಮಧ್ಯಾಹ್ನ ಗಾರೆಯವರು ಕೊಯ್ಯುವ ಯಂತ್ರ ತಂದು ಕಂಬದ ಬುಡದಲ್ಲಿ ಒಂದು ಚೌಕ ತೆಗೆದರು. ಸಾಲಿನಲ್ಲಿದ್ದವರು ಬೇರೆ ಆಟಕ್ಕೆ ಹೋಗದೆ ಇದನ್ನೇ ನೋಡಲು ಮುತ್ತಿಕೊಂಡರು. ಅಗೆಯುವುದನ್ನು ನೋಡುವ ಸುಖವನ್ನು ಯಾವ ಪಾರ್ಕೂ ಮೀರಿಸಲಾರದು. ರಬ್ಬರು ಹೋಯಿತು. ಬೂದು ಟೈಲ್ಸು ಹೋಯಿತು. ಹಸಿರು ಚಪ್ಪಡಿ ಎದ್ದಿತು. ಗಾರೆ ಕೆರೆದು ಬಟ್ಟೆಯಲ್ಲಿ ಒರೆಸಿದಾಗ, ಮೊದಲ ದಿನದ ನೀಲಿ ನೆಲ ಆಗತಾನೇ ತೊಳೆದಂತೆ ಹೊಳೆಯಿತು. ಪೇಂಟರು ತಟ್ಟನೆ ಕೂಗಿದ. "ನನ್ನ ಬೂಟು!"

ಕಂಬದ ತಳದಲ್ಲಿ, ಇಷ್ಟು ವರ್ಷ ನೆಲದೊಳಗೆ ಹೂತುಹೋಗಿದ್ದ ನಾವಿಕನ ಎರಡು ಕರಿ ಬೂಟುಗಳಿದ್ದವು. ಲೇಸಿನ ಗಂಟು ಸಮೇತ. ಗಗನಯಾತ್ರಿಯ ಕಾಲು ಮೋಟಾದದ್ದು ಯಾಕೆಂದು ಪೇಂಟರಿಗೆ ಅಂದು ಗೊತ್ತಾಯಿತು. ತನ್ನ ಕೈಗುಣ ಸರಿಯಾಗಿಯೇ ಇತ್ತು ಎಂದು ಅವನು ಸುತ್ತಲಿದ್ದವರಿಗೆಲ್ಲ ಹೇಳಿದ.

ಟೇಪಕ್ಕ ಚೋಟಿಯನ್ನು ನೋಡಿದಳು. ಬೆಳಿಗ್ಗೆಯಿಂದ ನಡೆದದ್ದನ್ನೆಲ್ಲ ಆ ಮಗು ಪಕ್ಕದಲ್ಲೇ ನಿಂತು ನೋಡಿತ್ತು. ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು, ಆ ಚೌಕದೊಳಗೆ ಇಳಿದು, ನಾವಿಕನ ಬೂಟುಗಳ ಪಕ್ಕ ತನ್ನ ಪಾದ ಜೋಡಿಸಿ ಬೆನ್ನು ಕೊಟ್ಟು ನಿಂತಳು. ಕತ್ತು ವಾಲಿಸಬೇಕಾಗಲಿಲ್ಲ. ನೆತ್ತಿಯ ಮೇಲೆ ಎರಡು ಇಂಚು ಗಾಳಿ.

"ತಾಗಿಲ್ಲ ಅಲ್ವಾ?" ಎಂದಳು, ಮೇಲೆ ನೋಡದೆ.

"ತಾಗಿಲ್ಲ ಪುಟ್ಟಾ."

ಚೋಟಿ ತಲೆ ತಗ್ಗಿಸಿದಳು. ಅಳುವುದೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದಳು. ಅಷ್ಟರಲ್ಲಿ ಅವಳ ಕಣ್ಣು ಚೌಕದ ಅಂಚಿನ ಮೇಲೆ ಬಿತ್ತು: ತಳದಲ್ಲಿ ನೀಲಿ, ಅದರ ಮೇಲೆ ಹಸಿರು, ಬೂದು, ಕರಿ ರಬ್ಬರು, ಕೇಕು ಕತ್ತರಿಸಿದ ಹಾಗೆ. ಬೆರಳಿಟ್ಟು ಒಂದೊಂದನ್ನೇ ಮುಟ್ಟಿ ನೋಡಿದಳು. "ಅಜ್ಜಿ, ನಾನು ಹುಟ್ಟಿದಾಗ ಇದರಲ್ಲಿ ಯಾವುದಿತ್ತು?" ಎಂದು ಕೇಳಿದಳು.

"ನೀಲಿ," ಎಂದಳು ಟೇಪಕ್ಕ. "ನೀನು ಹುಟ್ಟಿದ ಮಾರನೇ ತಿಂಗಳು ಹಸಿರು ಬಂತು."

ಮರುದಿನ ಕಬ್ಬಿಣದ ಕೈಯನ್ನು ಕೊಯ್ದು ಎರಡೂಮುಕ್ಕಾಲು ಇಂಚು ಮೇಲೆ ಬೆಸೆದರು. ಆ ಚೌಕವನ್ನು ಮುಚ್ಚಲು ಮಾತ್ರ ಆಕಾಶ ಸಾಹೇಬರು ಬಿಡಲಿಲ್ಲ. ಅದಕ್ಕೆ ದಪ್ಪ ಗಾಜು ಹಾಕಿಸಿ, ಒಳಗೆ ದೀಪ ಇಡಿಸಿ, 'ನಿಮ್ಮ ಕಾಲಡಿಯಲ್ಲಿ ಹತ್ತು ವರ್ಷ' ಎಂದು ಹಲಗೆ ಬರೆಸಿದರು. ಗಾಜು ನೆಲಕ್ಕಿಂತ ಅರ್ಧ ಇಂಚು ಎದ್ದು ನಿಂತಿತ್ತು. ಟೇಪಕ್ಕ ಅದನ್ನು ಅಳೆದು, ಮತ್ತೆ ಸರಪಳಿ ಹಾಕಿ ಕೂತಳು. ಕೈ ಇನ್ನೂ ಅರ್ಧ ಇಂಚು ಮೇಲೆ ಹೋದ ಮೇಲೆಯೇ ಬೀಗ ತೆಗೆದದ್ದು.

ಈಗ ಅವಳ ಗೇಟಿನಲ್ಲಿ ಅಳು ಮತ್ತೆ ಮೊದಲಿನಷ್ಟೇ ಇದೆ. ಹಜಾರದ ಗ್ರಾಫು ಸದ್ದಿಲ್ಲದೆ ಮಾಯವಾಗಿದೆ. ಎಲ್ಲಕ್ಕಿಂತ ಜೋರು ಗಲಾಟೆ ಹಿಂದೆ ಒಮ್ಮೆ ಹತ್ತಿ ಹೋದ ಮಕ್ಕಳದು. "ಹೋದ ತಿಂಗಳು ಹತ್ತಿದ್ದೆ ನಾನು! ಈಗ ಹೇಗೆ ಕುಳ್ಳ ಆದೆ?" ಎಂದು ಸೊಂಟಕ್ಕೆ ಕೈಯಿಟ್ಟು ಕೇಳುತ್ತಾರೆ. ಟೇಪಕ್ಕ ಅವರನ್ನು ಗಾಜಿನ ಬಳಿ ಬಗ್ಗಿಸಿ ನಾವಿಕನ ಬೂಟು ತೋರಿಸುತ್ತಾಳೆ. ತಪ್ಪು ನಿನ್ನದಲ್ಲ, ನನ್ನದು ಎನ್ನುತ್ತಾಳೆ. ಮಕ್ಕಳು ಇದನ್ನು ಒಪ್ಪುತ್ತಾರೆ. ಅಪ್ಪ ಅಮ್ಮಂದಿರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಮ್ಯಾನೇಜರ ಅಕ್ಕನ ಮಗನ ಕಥೆಯನ್ನು ಅವಳು ಈಗ ಹೇಳುವುದು ಕಡಿಮೆ. ಹೇಳಿದರೂ ಹುಡುಗ ಒಂದೇ ಬೆರಳು ಗಿಡ್ಡ.

ಟೇಪು ಈಗ ದಿನಾ ಬೆಳಿಗ್ಗೆ ಕೊರಳಿಂದ ಇಳಿಯುತ್ತದೆ. ಮೊದಲ ಮಗು ಬರುವ ಮೊದಲು ಅವಳು ಮಂಡಿಯೂರಿ ನೆಲದಿಂದ ಕೈಯ ತನಕ ಅಳೆಯುತ್ತಾಳೆ. ಮನೆಗೆ ಬಂದರೆ ಅಡುಗೆಮನೆ ಚೌಕಟ್ಟಿನ ಬಳಿ ಚೋಟಿ ಬರಿಗಾಲಲ್ಲಿ ನಿಂತಿರುತ್ತಾಳೆ. ಹೋದ ತಿಂಗಳ ಗೆರೆ ನಲವತ್ತಾರೂವರೆ.

"ಅಜ್ಜಿ, ಇವತ್ತು ಅಳೆದ್ಯಾ?"

"ಅಳೆದೆ. ನಲವತ್ತೆಂಟೇ ಇದೆ."

"ಸರಿ," ಎನ್ನುತ್ತಾಳೆ ಚೋಟಿ, ಹಿಮ್ಮಡಿಯನ್ನು ಚೌಕಟ್ಟಿಗೆ ಒತ್ತಿ ನೆಟ್ಟಗೆ ನಿಲ್ಲುತ್ತಾ. "ನಾನು ಬೆಳೆಯೋವರೆಗೆ ನೆಲ ಬೆಳೀದ ಹಾಗೆ ನೋಡ್ಕೋ."